ಒಂದು ಸಿನಿಮಾ, ಮೂರು ಲೋಗೋ: ನಿರ್ಮಾಪಕ ಯಾರು?

ಥಿಯೇಟರ್‌ನಲ್ಲಿ ಲೈಟ್ ಆರಿದ ಮೇಲೆ ಒಂದರ ಹಿಂದೊಂದು ಲೋಗೋ ಬರುತ್ತವೆ. ಅಷ್ಟೊತ್ತಿಗೆ ನಾವು ಸೀಟು ಹುಡುಕ್ತಾ ಇರ್ತೀವಿ. ಆದರೆ ಲೈಟ್‌ಬಾಯ್‌ಗೆ ಸಂಬಳ ಬಾಕಿ ಉಳಿದಾಗ, ಕಥೆಗಾರನಿಗೆ ಕೊಟ್ಟ ಮಾತು ತಪ್ಪಿದಾಗ ಯಾರನ್ನು ಕೇಳಬೇಕು? ಈ ಪ್ರಶ್ನೆ ಬಂದಾಗಲೇ ಆ ಲೋಗೋಗಳ ನಿಜವಾದ ಅರ್ಥ ಬೇಕಾಗೋದು. ಎಂಜಿನಿಯರಿಂಗ್ ಓದಿದ ಅಭ್ಯಾಸಬಲ, ನಾನು ಬಿಡಿಭಾಗಗಳಿಂದ ಶುರು ಮಾಡ್ತೀನಿ.

ಬ್ಯಾನರ್ (ಲಾಂಛನ): ಚಿತ್ರ ತಯಾರಿಸಿದ ಸಂಸ್ಥೆ. ತಂಡ ಕಟ್ಟಿ, ಕರಾರು ಮಾಡಿ, ಸಂಬಳ ಕೊಡಬೇಕಾದದ್ದು ಸಾಮಾನ್ಯವಾಗಿ ಇದೇ.

ಅರ್ಪಿಸುವ: ಇದೇ ಹೆಚ್ಚು ಜಾರುವ ಪದ. ದುಡ್ಡು ಹಾಕಿದವರಿರಬಹುದು, ವಿತರಣೆ ಹಕ್ಕು ಕೊಂಡವರಿರಬಹುದು, ಬರೀ ಹೆಸರಿನ ಬಲ ಕೊಟ್ಟವರೂ ಇರಬಹುದು.

ಸಹಯೋಗದಲ್ಲಿ: ಪಾಲುದಾರರು. ಪಾಲು ಎಷ್ಟು ಅಂತ ಪರದೆ ಹೇಳಲ್ಲ.

ಸ್ಟುಡಿಯೋ: ಹಿಂದೆ ಇದು ಶೂಟಿಂಗ್ ಫ್ಲೋರ್ ಇರುವ ಜಾಗ, ಬೆಂಗಳೂರಿನ ಕಂಠೀರವ, ಮೈಸೂರಿನ ಪ್ರೀಮಿಯರ್ ಥರ. ಈಗ ಒಂದಡಿ ಫ್ಲೋರ್ ಇಲ್ಲದ ಕಂಪನಿಯ ಹೆಸರಲ್ಲೂ ಸ್ಟುಡಿಯೋ ಇರುತ್ತೆ.

2021ರ ‘ಗರುಡ ಗಮನ ವೃಷಭ ವಾಹನ’ ನೋಡಿ. ನಿರ್ಮಾಣ ಲೈಟರ್ ಬುದ್ಧ ಫಿಲಂಸ್, ಸಹಯೋಗ ಕಾಫಿ ಗ್ಯಾಂಗ್ ಸ್ಟುಡಿಯೋಸ್, ಅರ್ಪಿಸಿದ್ದು ರಕ್ಷಿತ್ ಶೆಟ್ಟಿಯವರ ಪರಂವಃ. ಮೂರು ಹೆಸರು, ಮೂರು ಪಾತ್ರ. 2018ರ ‘ಕೆಜಿಎಫ್’ ನಿರ್ಮಿಸಿದ್ದು ಹೊಂಬಾಳೆ ಫಿಲಂಸ್. ಹಿಂದಿ ಆವೃತ್ತಿಯನ್ನು ಉತ್ತರದಲ್ಲಿ ಬಿಡುಗಡೆ ಮಾಡಿದವರಲ್ಲಿ ಎಕ್ಸೆಲ್ ಎಂಟರ್‌ಟೈನ್‌ಮೆಂಟ್ ಇತ್ತು. ಅಲ್ಲಿನ ಪ್ರೇಕ್ಷಕರ ಬಾಯಲ್ಲಿ ಸಿನಿಮಾ ಯಾರದ್ದಾದರೂ ಆಗಿರಲಿ, ಅದನ್ನು ತಯಾರಿಸಿದ್ದು ಬೆಂಗಳೂರಿನ ಸಂಸ್ಥೆ.

ಕಾನೂನು ಏನನ್ನುತ್ತೆ?

1957ರ ಕೃತಿಸ್ವಾಮ್ಯ ಕಾಯ್ದೆಗೆ ‘ಅರ್ಪಿಸುವವರು’ ಯಾರೆಂದು ಗೊತ್ತಿಲ್ಲ, ಗೊತ್ತಿರೋದು ನಿರ್ಮಾಪಕ ಮಾತ್ರ. ಸೆಕ್ಷನ್ 2(ಯುಯು) ಪ್ರಕಾರ, ಚಿತ್ರ ತಯಾರಿಸಲು ಮುಂದಾಗಿ ಅದರ ಹೊಣೆ ಹೊತ್ತವರೇ ನಿರ್ಮಾಪಕರು. ಗಮನಿಸಿ, ದುಡ್ಡು ಅನ್ನೋ ಪದವೇ ಆ ವ್ಯಾಖ್ಯೆಯಲ್ಲಿಲ್ಲ. ಸಿನಿಮಾದ ಕರ್ತೃ ಕೂಡ ಕಾನೂನಿನ ಕಣ್ಣಲ್ಲಿ ನಿರ್ಮಾಪಕನೇ, ನಿರ್ದೇಶಕನಲ್ಲ. ಹಾಗಾಗಿ ಹಕ್ಕಿನ ಮೊದಲ ಒಡೆತನವೂ ಅಲ್ಲಿಗೇ ಹೋಗುತ್ತೆ. ಆಮೇಲೆ ಅದನ್ನು ಮಾರಬಹುದು, ಮಾರ್ತಾರೆ ಕೂಡ.

ಲೋಗೋ ಯಾವುದು ಮೊದಲು, ಯಾವುದು ದೊಡ್ಡದು ಅನ್ನೋದು ಕರಾರಿನ ಮಾತು. ಚೌಕಾಶಿಯಲ್ಲಿ ಗೆದ್ದವರ ಹೆಸರು ಮುಂದೆ ಬರುತ್ತೆ. ಅಂದ್ರೆ ಆ ಸಾಲು ಹೊಣೆಯ ಪಟ್ಟಿಯಲ್ಲ, ಅಧಿಕಾರದ ಪಟ್ಟಿ. ಗೆದ್ದಾಗ ಎಲ್ಲ ಲೋಗೋಗಳೂ ವೇದಿಕೆ ಹತ್ತುತ್ತವೆ. ಬಾಕಿ ಕೇಳಿದಾಗ ‘ನಾವು ಬರೀ ಅರ್ಪಿಸಿದ್ದು’ ಅನ್ನೋಕೆ ದಾರಿ ಇದ್ದೇ ಇರುತ್ತೆ.

ಹಾಗಾದ್ರೆ ನೋಡೋದು ಎಲ್ಲಿ? ಲೋಗೋಗಳಿಗಿಂತ ಮೊದಲು ಕೆಲವು ಸೆಕೆಂಡ್ ಬರುವ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ. ಅರ್ಜಿದಾರ ಯಾರು, ನಿರ್ಮಾಪಕ ಯಾರು ಅಂತ ಅಲ್ಲಿ ಬರೆದಿರುತ್ತೆ. ಮಾಲೀಕತ್ವದ ಪೂರ್ತಿ ಚಿತ್ರಣ ಅದಲ್ಲ, ನಿಜ. ಆದರೆ ಹುಡುಕೋಕೆ ಶುರು ಮಾಡಬೇಕಾದ ಜಾಗ ಅದೇ.

ನನ್ನ ಬೇಡಿಕೆ ಸಣ್ಣದು. ಕೊನೆಯ ಟೈಟಲ್ ಕಾರ್ಡಿನಲ್ಲಿ ಒಂದು ಸಾಲು ಕಡ್ಡಾಯವಾಗಲಿ: ಈ ಚಿತ್ರದಲ್ಲಿ ದುಡಿದವರ ಸಂಬಳಕ್ಕೆ ಹೊಣೆ ಯಾವ ಸಂಸ್ಥೆ ಅಂತ.