ಪಾಳಯಂ ಗ್ರಂಥಾಲಯದಿಂದ ಕಳಮಶ್ಶೇರಿಯ ಸೀಡಿಯವರೆಗೆ

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ತಿರುವನಂತಪುರಕ್ಕೆ ಬಂದಿಳಿದದ್ದು 1996ರಲ್ಲಿ. ಮೂರು ವರ್ಷ ಇದ್ದು ಊರಿಗೆ ಹೋಗಿಬಿಡೋಣ ಅಂತ ಲೆಕ್ಕ ಹಾಕಿದ್ದೆ. ಬಿ.ಕಾಂ. ಓದಿದವನ ಲೆಕ್ಕವೂ ತಪ್ಪುತ್ತದೆ ನೋಡಿ, ಆಮೇಲೆ ಕೊಚ್ಚಿಗೆ ಬಂದೆ, ಇಲ್ಲೇ ನೆಲೆಯೂರಿದೆ.

ಆಗ ಭಾನುವಾರಗಳಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಪಾಳಯಂನಲ್ಲಿರುವ ಸ್ಟೇಟ್ ಸೆಂಟ್ರಲ್ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. 1829ರಲ್ಲಿ ಶುರುವಾದ ಗ್ರಂಥಾಲಯ ಅದು. ಪಕ್ಕದಲ್ಲಿ ಒಬ್ಬ ಆಟೋ ಡ್ರೈವರ್ ಖಾಕಿ ಅಂಗಿಯಲ್ಲೇ ಕೂತು ದಪ್ಪನೆಯ ಪುಸ್ತಕವೊಂದನ್ನು ಓದುತ್ತಿದ್ದ. ಏನದು ಅಂತ ಇಣುಕಿದೆ. 'ಸರ್ವವಿಜ್ಞಾನಕೋಶಂ', ಮಲಯಾಳದ ವಿಶ್ವಕೋಶ! ಇವನಿಗೆ ಯಾವ ಪರೀಕ್ಷೆಯೂ ಇಲ್ಲವಲ್ಲ ಅಂದುಕೊಂಡೆ. ಆ ಪ್ರಶ್ನೆಯೇ ತಪ್ಪು ಅಂತ ತಿಳಿಯಲು ಕೆಲವು ವರ್ಷ ಬೇಕಾಯಿತು.

ಓದುವುದಕ್ಕೆ ಪರೀಕ್ಷೆಯ ನೆಪ ಬೇಡ ಅನ್ನುವುದು ಈ ನಾಡಿನಲ್ಲಿ ತಾನಾಗಿ ಬಂದದ್ದಲ್ಲ. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘ ಕಟ್ಟಿದರು. ಊರೂರು ತಿರುಗಿ ವಾಚನಾಲಯ ತೆರೆಸಿದರು. 1995ರ ಜೂನ್ 19ರಂದು ಅವರು ತೀರಿಕೊಂಡರು. ಮರುವರ್ಷದಿಂದ ಆ ದಿನವೇ ಕೇರಳದ 'ವಾಯನಾದಿನ', ಅಂದರೆ ಓದಿನ ದಿನ. 1962ರಲ್ಲಿ ಕಲ್ಲಿಕೋಟೆಯಲ್ಲಿ ಹುಟ್ಟಿದ ಶಾಸ್ತ್ರ ಸಾಹಿತ್ಯ ಪರಿಷತ್ತು ವಿಜ್ಞಾನವನ್ನು ಮಲಯಾಳದಲ್ಲಿ ಜನರಿಗೆ ಹೇಳುವ ಕೆಲಸ ಹಿಡಿಯಿತು. 1990ರ ಫೆಬ್ರವರಿಯಲ್ಲಿ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅಂತರ್ಜಾಲ ಬಂದಾಗ ಇವರು ಬರಿಗೈಯಲ್ಲಿ ಇರಲಿಲ್ಲ.

ಮಲಯಾಳಂ ವಿಕಿಪೀಡಿಯ ಶುರುವಾದದ್ದು 2002ರ ಡಿಸೆಂಬರ್ 21ಕ್ಕೆ. ನಮ್ಮ ಕನ್ನಡದ್ದು 2003ರ ಜೂನ್‌ನಲ್ಲಿ. ಅಂತರ ಆರೇ ತಿಂಗಳು. ಇವತ್ತು ಮಲಯಾಳದಲ್ಲಿ 80,000ಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡದಲ್ಲಿ 30,000 ದಾಟಿದೆ ಅಷ್ಟೆ. ಮಂದಿ ಕಡಿಮೆ ಅಂತ ನೆಪ ಹೇಳುವ ಹಾಗಿಲ್ಲ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ, ಮಲಯಾಳದವರು 3.48 ಕೋಟಿ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಖಾತೆದಾರರು ನಮ್ಮಲ್ಲೇ ಹೆಚ್ಚು, ಠೇವಣಿ ಅವರಲ್ಲಿ ಹೆಚ್ಚು!

ಇನ್ನೊಂದು ಸಂಗತಿ. ಆ ಆಟೋದವನ ಕೈಲಿದ್ದ ಸರ್ವವಿಜ್ಞಾನಕೋಶದ ಮೊದಲ ಸಂಪುಟ ಬಂದದ್ದು 1972ರಲ್ಲಿ. 2008ರಲ್ಲಿ ಕೇರಳ ಸರ್ಕಾರ ಅದರ ಬರಹಗಳನ್ನು ಮುಕ್ತ ಪರವಾನಗಿಯಲ್ಲಿ ಬಳಸಲು ಒಪ್ಪಿತು. ಹಾಗೆಂದರೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಮೂಲದ ಹೆಸರು ಹೇಳಬೇಕು, ಮುಂದಿನವರಿಗೂ ಹಾಗೆಯೇ ಬಿಟ್ಟುಕೊಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಅವರಿಗಿಂತ ಮೊದಲೇ. ಅದರ 14 ಸಂಪುಟಗಳಲ್ಲಿ ಆರನ್ನು ಇದೇ ರೀತಿ ಮುಕ್ತಗೊಳಿಸಿದ್ದು 2014ರಲ್ಲಿ. ಕಯ್ಯೂರಿನ ರೈತ ಹೋರಾಟದ ಮೇಲೆ 'ಚಿರಸ್ಮರಣೆ' ಬರೆದ ನಿರಂಜನರ ಪುಸ್ತಕಗಳೂ ಅದೇ ವರ್ಷ ಮುಕ್ತವಾದವು. ಕಾರಂತರು 1936ರಲ್ಲೇ 'ಬಾಲಪ್ರಪಂಚ' ಕೊಟ್ಟ ಭಾಷೆ ನಮ್ಮದು. ಬಂಡವಾಳಕ್ಕೆ ಬರವಿರಲಿಲ್ಲ. ಬೀಗ ತೆಗೆಯಲು ತಡವಾಯಿತು.

ಈಗ ನನ್ನ ಮನೆಯ ಕಥೆಗೆ ಬರುತ್ತೇನೆ.

2010ರ ಏಪ್ರಿಲ್ 17ರಂದು ಇಲ್ಲೇ ಎರ್ನಾಕುಲಂ ಪಕ್ಕದ ಕಳಮಶ್ಶೇರಿಯಲ್ಲಿ ವಿಕಿಪೀಡಿಯದಲ್ಲಿ ಬರೆಯುವವರ ಸಭೆ ನಡೆಯಿತು. ಆರಿಸಿದ 500 ಲೇಖನಗಳ ಒಂದು ಸೀಡಿ ಬಿಡುಗಡೆಯಾಯಿತು. ಭಾರತದ ಭಾಷೆಗಳಲ್ಲಿ ಅಂಥದ್ದು ಅದೇ ಮೊದಲು. ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ಓದಬಹುದಿತ್ತು. ಉಚಿತ ಅಂತ ಹಾಕಿ ಸುಮ್ಮನೆ ಕೂರದೆ, ಓದುವವರ ಕೈಗೆ ಒಯ್ದು ಕೊಡಬೇಕು ಅನ್ನುವ ಪಣಿಕ್ಕರ್ ಅವರ ಹಳೆಯ ಪಾಠವೇ ಅಲ್ಲವೇ ಇದು?

ಆ ಸೀಡಿ ನಮ್ಮ ಮನೆಗೂ ಬಂತು. ಆಗ ಆರನೇ ಕ್ಲಾಸಿನಲ್ಲಿದ್ದ ಮಗಳು ಅದರ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದಳು. ಒಂದು ದಿನ ಕೇಳಿದಳು, "ಅಪ್ಪಾ, ಇದು ಕನ್ನಡದಲ್ಲಿ ಇಲ್ವಾ? ರಜೆಗೆ ಹೋದಾಗ ಅಜ್ಜಿಗೆ ಓದಿ ಹೇಳ್ತಿದ್ದೆ."

ಸೀಡಿ ಇಲ್ಲಮ್ಮ, ಆದರೆ ಯಾರು ಬೇಕಾದರೂ ಬರೆಯಬಹುದಂತೆ, ನಾನೇ ಬರೀತೀನಿ ಅಂದೆ. ಅವಳು ನಂಬಿದಳು. ಆಮೇಲೆ ಮಾರ್ಚ್ ಎಂಡಿಂಗ್ ಬಂತು, ಆಡಿಟ್ ಬಂತು, ಪ್ರಮೋಷನ್ ಬಂತು. ಅಮ್ಮ ಹೋಗಿಬಿಟ್ಟರು. ಮಗಳಿಗೆ ಈಗ ಮಲಯಾಳ ಓದಿದಷ್ಟು ಸಲೀಸಾಗಿ ಕನ್ನಡ ಓದಲು ಬರುವುದಿಲ್ಲ. ಇದಕ್ಕೆ ಯಾರನ್ನು ದೂರಲಿ? ಮಾತು ಕೊಟ್ಟವನು ನಾನು.

ಕಳೆದ ತಿಂಗಳು ಒಂದು ರಾತ್ರಿ ಕೂತು ಕನ್ನಡದಲ್ಲಿ ಹತ್ತು ಸಾಲು ಬರೆದು ವಿಕಿಪೀಡಿಯಕ್ಕೆ ಸೇರಿಸಿದೆ. ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆದರೆ ಏನರ್ಥ, ಆ ಹಣ ಕೌಂಟರಿನಲ್ಲಿ ನಗದಾಗಿ ಸಿಗದೆ ಬ್ಯಾಂಕ್ ಖಾತೆಗೇ ಯಾಕೆ ಹೋಗುತ್ತದೆ ಅನ್ನುವುದು. ಸರ್ವೀಸಿನುದ್ದಕ್ಕೂ ಬಾಯಲ್ಲಿ ಹೇಳಿದ್ದೇ. ಬೆಳಿಗ್ಗೆ ನೋಡಿದರೆ ಯಾರೋ ಪುಣ್ಯಾತ್ಮರು ನನ್ನ ಎರಡು ಕಾಗುಣಿತದ ತಪ್ಪು ತಿದ್ದಿದ್ದರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ನನಗೆ ಆದ ಸಂತೋಷ ಹೇಳತೀರದು.

ಮಗಳಿಗೆ ಲಿಂಕ್ ಕಳಿಸಿದೆ. "ನಿಧಾನವಾಗಿ ಓದ್ತಿದೀನಿ ಅಪ್ಪಾ" ಅಂತ ಉತ್ತರ ಬಂತು.

ಊರು ಬಿಟ್ಟು ಬಂದ ನಾವು ರಾಜ್ಯೋತ್ಸವಕ್ಕೆ ಬಾವುಟ ಹಾರಿಸುತ್ತೇವೆ, ಬಿಸಿಬೇಳೆಬಾತ್ ತಿನ್ನುತ್ತೇವೆ. ಒಳ್ಳೆಯದೇ. ಆದರೆ ನಿಮ್ಮ ಕಸುಬಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಇದ್ದೇ ಇರುತ್ತದಲ್ಲ? ನರ್ಸಮ್ಮನಿಗೆ ಒಂದು, ಹೋಟೆಲಿನವರಿಗೆ ಒಂದು, ಮೇಷ್ಟರಿಗೆ ಒಂದು. ಹತ್ತೇ ಸಾಲು ಕನ್ನಡದಲ್ಲಿ ಬರೆದು ಮುಕ್ತವಾಗಿ ಬಿಡಿ. ನನ್ನ ಹಾಗೆ ತಡ ಮಾಡಬೇಡಿ. ಕೇಳುವ ಅಜ್ಜಿ ಇರುವಾಗಲೇ ಬರೆಯಿರಿ.