ಬ್ಲೈ ಬಂಗಲೆಯಲ್ಲಿ ಹೆಸರಿಲ್ಲದವಳು

ಇವತ್ತು ಒಂದು ದೆವ್ವದ ಕಥೆ. ಆದರೆ ಹೆದರಿಸೋಕೆ ಅಲ್ಲ, ಅದರ ಹಿಂದಿನ ಇತಿಹಾಸ ಹೇಳೋಕೆ.

2020ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಹಾಂಟಿಂಗ್ ಆಫ್ ಬ್ಲೈ ಮ್ಯಾನರ್’ ಸರಣಿ ಬಂತು. ಮೈಕ್ ಫ್ಲ್ಯಾನಗನ್ ರೂಪಿಸಿದ್ದು, ಒಟ್ಟು 9 ಕಂತು. 1987ರ ಇಂಗ್ಲೆಂಡ್, ಹಳ್ಳಿಗಾಡಿನ ಒಂದು ಭಾರೀ ಬಂಗಲೆ. ಅಲ್ಲಿ ಅಪ್ಪ ಅಮ್ಮ ಇಲ್ಲದ ಇಬ್ಬರು ಮಕ್ಕಳು. ಅವರನ್ನು ನೋಡಿಕೊಳ್ಳೋಕೆ ಡ್ಯಾನಿ ಅನ್ನೋ ಅಮೆರಿಕನ್ ಯುವತಿ ಬರ್ತಾಳೆ. ಅವಳಿಗಿಂತ ಮೊದಲು ಈ ಕೆಲಸದಲ್ಲಿದ್ದವಳು ಅದೇ ಬಂಗಲೆಯಲ್ಲಿ ಸತ್ತಿದ್ದಾಳೆ.

ಈ ಕಥೆಯ ಬೇರು 19ನೇ ಶತಮಾನದಲ್ಲಿದೆ. 1895ರ ಜನವರಿಯಲ್ಲಿ ಲೇಖಕ ಹೆನ್ರಿ ಜೇಮ್ಸ್ ಬರೆದ ನಾಟಕ ಲಂಡನ್‌ನಲ್ಲಿ ಸೋತುಹೋಯ್ತು, ಪ್ರೇಕ್ಷಕರು ಕೂಗಾಡಿ ಅವಮಾನ ಮಾಡಿದರು. ಅದಾದ ಕೆಲವೇ ದಿನಗಳಲ್ಲಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹೇಳಿದ ಒಂದು ಭೂತದ ಪ್ರಸಂಗವನ್ನು ಅವರು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು. ಸತ್ತ ಆಳುಗಳು ಮಕ್ಕಳನ್ನು ತಮ್ಮ ಕಡೆಗೆ ಸೆಳೆಯುವ ಕಥೆ ಅದು. 1898ರಲ್ಲಿ ಅದೇ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಆಗಿ ಅಮೆರಿಕದ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು.

ಜೇಮ್ಸ್ ಕಥೆಯ ನಾಯಕಿ ಗವರ್ನೆಸ್, ಅಂದರೆ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಟೀಚರ್. ಬಡ ಪಾದ್ರಿಯ ಮಗಳು, ವಯಸ್ಸು 20. ಮಕ್ಕಳ ದೊಡ್ಡಪ್ಪ ಒಳ್ಳೇ ಸಂಬಳ ಕೊಡ್ತಾನೆ, ಆದರೆ ಒಂದು ಷರತ್ತು: ಏನೇ ಆಗಲಿ, ನನಗೆ ತೊಂದರೆ ಕೊಡಬಾರದು, ಪತ್ರ ಬರೆಯಬಾರದು. ಇಡೀ ಪುಸ್ತಕ ಓದಿ ಮುಗಿಸಿದರೂ ಈ ಹುಡುಗಿಯ ಹೆಸರೇನು ಅಂತ ನಮಗೆ ಗೊತ್ತಾಗಲ್ಲ.

ಇಲ್ಲಿಂದ ಮುಂದಿನದು ದೆವ್ವದ ಕಥೆ ಅಲ್ಲ, ದುಡಿಮೆಯ ಕಥೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಓದಿಕೊಂಡ ಆದರೆ ದುಡ್ಡಿಲ್ಲದ ಮನೆಯ ಹೆಣ್ಣುಮಕ್ಕಳಿಗೆ ‘ಮರ್ಯಾದಸ್ಥ’ ಅನ್ನಿಸಿಕೊಂಡ ಕೆಲಸಗಳು ತೀರಾ ಕಡಿಮೆ. ಅದರಲ್ಲಿ ಗವರ್ನೆಸ್ ಕೆಲಸವೇ ಮುಖ್ಯ. 1851ರ ಜನಗಣತಿ ಹೊತ್ತಿಗೆ ಇಂಥವರು 20,000ಕ್ಕೂ ಹೆಚ್ಚು. ಯಜಮಾನರ ಜೊತೆ ಕೂತು ಊಟ ಮಾಡೋಷ್ಟು ದೊಡ್ಡವಳಲ್ಲ, ಅಡುಗೆಮನೆಯಲ್ಲಿ ಆಳುಗಳ ಜೊತೆ ಹರಟೋಷ್ಟು ಚಿಕ್ಕವಳೂ ಅಲ್ಲ. ಎಷ್ಟೋ ಮನೆಗಳಲ್ಲಿ ಅವಳದ್ದು ಒಂಟಿ ತಟ್ಟೆ.

‘ಜೇನ್ ಐರ್’ ಬರೆದ ಷಾರ್ಲೆಟ್ ಬ್ರಾಂಟೆ ಕೂಡ ಈ ಕೆಲಸ ಮಾಡಿದವಳೇ. 1841ರಲ್ಲಿ ಅವಳ ಸಂಬಳ ವರ್ಷಕ್ಕೆ 20 ಪೌಂಡ್. ಅದರಲ್ಲಿ ಬಟ್ಟೆ ಒಗೆಸಿದ್ದಕ್ಕೆ ಅಂತ 4 ಪೌಂಡ್ ಕಡಿತ! ಕೆಲಸ ಹೋದವರ, ವಯಸ್ಸಾದವರ ಗತಿ ಇನ್ನೂ ಕಷ್ಟ. ಅವರ ನೆರವಿಗೆಂದೇ 1843ರಲ್ಲಿ ಒಂದು ಸಂಸ್ಥೆ ಶುರುವಾಯ್ತು. ಆ ಪ್ರಯತ್ನದ ಫಲವಾಗಿ 1848ರಲ್ಲಿ ಕ್ವೀನ್ಸ್ ಕಾಲೇಜ್ ಬಾಗಿಲು ತೆರೆಯಿತು, ಲಂಡನ್‌ನ ಹಾರ್ಲೆ ಸ್ಟ್ರೀಟ್‌ನಲ್ಲಿ. ಜೇಮ್ಸ್ ಕಥೆಯ ದೊಡ್ಡಪ್ಪನ ಮನೆ ಎಲ್ಲಿದೆ ಗೊತ್ತಾ? ಅದೇ ಹಾರ್ಲೆ ಸ್ಟ್ರೀಟ್‌ನಲ್ಲಿ.

1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ಒಂದು ಬಾಂಬ್ ಹಾಕಿದರು: ದೆವ್ವಗಳೇ ಇಲ್ಲ, ಎಲ್ಲಾ ಆ ಗವರ್ನೆಸ್ ಮನಸ್ಸಿನ ಭ್ರಮೆ! ಅಲ್ಲಿಂದ ಇಲ್ಲಿವರೆಗೂ ಜಗಳ ನಡೀತಾನೇ ಇದೆ: ಅವಳು ನಿಜವಾಗಿ ನೋಡಿದಳಾ, ಅವಳಿಗೆ ತಲೆ ಕೆಟ್ಟಿತ್ತಾ? ಆದರೆ 20ರ ಹುಡುಗಿಯ ಮೇಲೆ ಎರಡು ಮಕ್ಕಳ ಜೀವದ ಹೊಣೆ ಹೊರಿಸಿ, ‘ನನಗೇನೂ ಹೇಳಬೇಡ’ ಅಂತ ಕೈ ತೊಳೆದುಕೊಂಡ ಆ ಯಜಮಾನ? ಅವನ ತಲೆ ಸರಿ ಇತ್ತಾ ಅನ್ನೋದು ಇಷ್ಟು ದೊಡ್ಡ ಚರ್ಚೆ ಆಗಲೇ ಇಲ್ಲ.

ಫ್ಲ್ಯಾನಗನ್ ಸರಣಿ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅಲ್ಲಿ ಗವರ್ನೆಸ್‌ಗೆ ಹೆಸರಿದೆ. ಅವಳಿಗಿಂತ ಮೊದಲು ಇದ್ದ ರೆಬೆಕಾ ಜೆಸಲ್‌ಗೆ ಬ್ಯಾರಿಸ್ಟರ್ ಆಗೋ ಕನಸಿದೆ. ಆ ಬಂಗಲೆಯ ಹಳೇ ದೆವ್ವಗಳನ್ನು ಗಮನಿಸಿ, ಅವುಗಳಿಗೆ ಮುಖವೇ ಇಲ್ಲ. ಕಣ್ಣು, ಮೂಗು, ಬಾಯಿ ಎಲ್ಲಾ ಸವೆದು ಹೋಗಿವೆ. ಅವರು ಯಾರಾಗಿದ್ದರು ಅನ್ನೋದನ್ನು ಲೋಕ ಮರೆತಿದೆ, ಕೊನೆಗೆ ಅವರೇ ಮರೆತಿದ್ದಾರೆ.

ಊರು ಬಿಟ್ಟು, ಬೇರೆಯವರ ಮನೆಯಲ್ಲಿ ಹಗಲೂ ರಾತ್ರಿ ದುಡಿಯುವ ಹೆಣ್ಣುಮಕ್ಕಳು ಇವತ್ತೂ ಇದ್ದಾರೆ. ನಿಮ್ಮ ಪರಿಚಯದ ಮನೆಯಲ್ಲೇ ಇರಬಹುದು. ಅವರ ಹೆಸರು ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ನಾಳೆ ಕೇಳಿ.

ಮುಂದಿನ ವಾರ ಮತ್ತೆ ಸಿಗೋಣ. ಲೈಟ್ ಆರಿಸಿ ಮಲಗಿ, ಏನೂ ಆಗಲ್ಲ.