ಒಂದು ಡಾಲರಿನ ಔಷಧಿ ಹೊರಕೆರೆದೇವಪುರಕ್ಕೆ ಬಂದ ದಾರಿ

ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ನನಗೆ ಒಂದೇ ಕಾಯಿಲೆಗೆ ಇರುವ ಎರಡು ಹೆಸರುಗಳು ಬಹಳ ದಿನಗಳಿಂದ ಕುತೂಹಲ ಹುಟ್ಟಿಸಿವೆ. ಉರ್ದುವಿನಲ್ಲಿ ಝಿಯಾಬೀತಸ್, ಕನ್ನಡದಲ್ಲಿ ಮಧುಮೇಹ. ಮೊದಲನೆಯದು ಗ್ರೀಕರ ಪದ. ಅರಬ್ಬಿಗೆ ಬಂದು, ಯುನಾನಿ ಹಕೀಮರ ಕೈಯಿಂದ ನಮ್ಮ ಉರ್ದುವಿಗೆ ಇಳಿಯಿತು. ನೀರನ್ನು ನಿಲ್ಲಗೊಡದೆ ಹರಿಸಿಬಿಡುವ ಕೊಳವೆ ಎಂಬುದು ಅದರ ಮೂಲ ಭಾವ. ಎರಡನೆಯದು ಚರಕ, ಸುಶ್ರುತರ ಕಾಲದ್ದು. ಮೂತ್ರ ಜೇನಿನಂತೆ ಸಿಹಿಯಾಗುತ್ತದೆ, ಇರುವೆ ಮುತ್ತುತ್ತದೆ ಎಂಬುದನ್ನು ಕಂಡು ಇಟ್ಟ ಹೆಸರು. ಇಷ್ಟೊಂದು ಹಳೆಯ ಎರಡು ಪದಗಳಿದ್ದರೂ ನಮ್ಮ ಹೊರಕೆರೆದೇವಪುರದ ಬಸ್ ನಿಲ್ದಾಣದಲ್ಲಿ ಯಾರೂ ಅವನ್ನು ಬಳಸುವುದಿಲ್ಲ. "ಶುಗರ್ ಬಂದೈತೆ ಸಾಹೇಬ್ರೇ" ಎನ್ನುತ್ತಾರೆ, ಅಷ್ಟೆ.

ಹೆಸರು ಹಳೆಯದು, ಲಕ್ಷಣಗಳ ಜ್ಞಾನವೂ ಹಳೆಯದು. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಈ ರೋಗವನ್ನು ವರ್ಣಿಸಿ, ಇದರಿಂದ ಅಂಗ ಕೊಳೆಯುವುದನ್ನೂ ಗುರುತಿಸಿದ್ದರು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ನಿಜವಾಗಿ ಸಕ್ಕರೆಯೇ ಎಂದು ತೋರಿಸಿದರು. ಆದರೆ ಔಷಧಿ? ಅದಕ್ಕೆ ಇನ್ನೂ ನೂರೈವತ್ತು ವರ್ಷ ಕಾಯಬೇಕಾಯಿತು. ಔಷಧಿ ಸಿಕ್ಕ ಮೇಲೂ ಅದು ಯಾರ ಕೈಗೆ, ಯಾವ ಬೆಲೆಗೆ ತಲುಪುತ್ತದೆ ಎಂಬುದು ಬೇರೆಯದೇ ಕಥೆ. ಈ ಲೇಖನ ಆ ಎರಡನೆಯ ಕಥೆಯನ್ನು ಕುರಿತದ್ದು. ಅದು ನನಗೆ ಮುಖ್ಯವಾಗಲು ಒಂದು ಕಾರಣವಿದೆ.

ನನ್ನ ದಾದಿಗೆ ಶುಗರ್ ಇತ್ತು. 1990ರ ದಶಕದ ಕೊನೆಯ ಮಾತು, ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಹೊಲದಿಂದ ಬರುವಾಗ ಪಾದಕ್ಕೆ ಜಾಲಿಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಈ ಕಾಯಿಲೆಯಲ್ಲಿ ನರಗಳು ಮರಗಟ್ಟಿ ನೋವೇ ತಿಳಿಯದಂತಾಗುತ್ತದೆಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಗಾಯ ಮಾಯಲಿಲ್ಲ. ಮಾತ್ರೆ ಸಾಲದು, ಇನ್ಸುಲಿನ್ ಬೇಕೇ ಬೇಕು ಎಂದರು ಡಾಕ್ಟರು. ಅಬ್ಬಾ ಪೇಟೆಗೆ ಹೋಗಿ ಒಂದು ಬಾಟಲಿ ತಂದರು. ಆ ಸಂಜೆ ಮನೆಗೆ ಬಂದಿದ್ದ ನೆಂಟರೊಬ್ಬರು, "ಇದು ಹಂದಿಯಿಂದ ತೆಗೆದ ಔಷಧಿ" ಎಂದುಬಿಟ್ಟರು. ದಾದಿ "ತೌಬಾ" ಎಂದು ಮುಖ ತಿರುಗಿಸಿದರು. ಎಷ್ಟು ಬೇಡಿಕೊಂಡರೂ ಸೂಜಿ ಹಾಕಿಸಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು, ಮರುವರ್ಷ ತೀರಿಕೊಂಡರು.

ನೆಂಟರು ಸುಳ್ಳು ಹೇಳಿರಲಿಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದರು. ಉಳಿದರ್ಧ ತಿಳಿಯಬೇಕಾದರೆ ಕೆನಡಾ ದೇಶದ ಟೊರಾಂಟೊಗೆ ಹೋಗಬೇಕು.

1921ರ ಬೇಸಿಗೆ. ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ವೈದ್ಯ ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿ, ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಒಂದು ರಸವನ್ನು ತೆಗೆಯುತ್ತಿದ್ದರು. ಮುಂದೆ ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ದನದ ಗ್ರಂಥಿಯಿಂದ ತೆಗೆದ ರಸವನ್ನು ಶುದ್ಧಗೊಳಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಅಷ್ಟಾಗಿ ಫಲಿಸಲಿಲ್ಲ. ಜನವರಿ 23ರಂದು ಕಾಲಿಪ್ ಶುದ್ಧಗೊಳಿಸಿದ ಔಷಧಿ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಆವರೆಗೆ ಇಂಥ ಮಕ್ಕಳಿಗೆ ಇದ್ದ ಏಕೈಕ ಚಿಕಿತ್ಸೆ ಉಪವಾಸ ಕೆಡವುವುದು. ಹಸಿವಿನಿಂದ ಸಾಯಬೇಕು, ಇಲ್ಲವೇ ಕಾಯಿಲೆಯಿಂದ ಸಾಯಬೇಕು! ಆ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. 1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಬಂತು.

ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ ನೊಬೆಲ್‌ಗಿಂತ ದೊಡ್ಡದು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಮ್ಮ ಪೇಟೆಂಟಿನ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಮಾರಿದರು. ಯಾವುದೇ ಒಬ್ಬ ವ್ಯಾಪಾರಿ ಇದನ್ನು ತನ್ನದಾಗಿಸಿಕೊಳ್ಳಬಾರದು ಎಂಬುದೇ ಅವರ ಉದ್ದೇಶ.

ಆದರೆ ಪ್ರಯೋಗಾಲಯದಲ್ಲಿ ಹತ್ತಾರು ಜನರಿಗಾಗುವಷ್ಟು ಮಾತ್ರ ತಯಾರಿಸಬಹುದಿತ್ತು. ಜಗತ್ತಿಗೆ ಬೇಕಾದಷ್ಟು ತಯಾರಿಸಲು ಕಾರ್ಖಾನೆಗಳೇ ಬೇಕು. ಅಮೆರಿಕದ ಎಲಿ ಲಿಲ್ಲಿ ಕಂಪನಿ ಮುಂದೆ ಬಂತು. ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ ಅವರ ಪತ್ನಿ ಮೇರಿ ಸ್ವತಃ ವೈದ್ಯೆ, ಸ್ವತಃ ಮಧುಮೇಹಿ. ಆ ದಂಪತಿ ಟೊರಾಂಟೊದಿಂದ ಅನುಮತಿ ಪಡೆದು ತಮ್ಮ ದೇಶದಲ್ಲಿ ತಯಾರಿಕೆ ಆರಂಭಿಸಿದರು. ಇಂದಿನ ನೋವೊ ನಾರ್ಡಿಸ್ಕ್ ಕಂಪನಿಯ ಒಂದು ಬೇರು ಅಲ್ಲಿದೆ. ಕಚ್ಚಾವಸ್ತು ಎಲ್ಲಿಂದ? ಕಸಾಯಿಖಾನೆಯಿಂದ. ಹಂದಿ ಮತ್ತು ದನದ ಗ್ರಂಥಿಗಳೇ ಆಧಾರ. ಎಂಟು ಔನ್ಸ್, ಅಂದರೆ ಸುಮಾರು 225 ಗ್ರಾಂ ಶುದ್ಧ ಇನ್ಸುಲಿನ್‌ಗೆ ಎರಡು ಟನ್ನಿಗೂ ಹೆಚ್ಚು ಹಂದಿಯ ಅಂಗಗಳು ಬೇಕಾಗುತ್ತಿದ್ದವು. ನೆಂಟರು ಹೇಳಿದ ಅರ್ಧ ಸತ್ಯ ಇದು.

ಉಳಿದರ್ಧ ಹೀಗಿದೆ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್‌ನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಆ ಸೂಕ್ಷ್ಮಜೀವಿಯಿಂದಲೇ ಇನ್ಸುಲಿನ್ ತೆಗೆದರು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಹಂದಿಯೂ ಬೇಡ, ದನವೂ ಬೇಡ. ದಾದಿಯ ಕಾಲು ಕೊಳೆಯುತ್ತಿದ್ದಾಗ ಈ ಹೊಸ ಇನ್ಸುಲಿನ್ ನಮ್ಮ ದೇಶದಲ್ಲೂ ಇತ್ತು, ದನದ್ದೂ ಇತ್ತು, ಹಂದಿಯದೂ ಇತ್ತು. ಹೊಸದು ವಿದೇಶದ್ದು, ಬೆಲೆ ಹೆಚ್ಚು. ಪ್ರಾಣಕ್ಕೆ ಅಪಾಯವಿದ್ದು ಬೇರೆ ದಾರಿ ಇಲ್ಲದಾಗ ನಿಷಿದ್ಧ ಮೂಲದ ಔಷಧಿಯನ್ನೂ ಬಳಸಬಹುದೆಂದು ಹಲವು ಉಲೇಮಾಗಳು ಹೇಳಿದ್ದರು. ಈ ಮೂರರಲ್ಲಿ ಒಂದು ಮಾತನ್ನೂ ನಮ್ಮ ಮನೆಯವರೆಗೆ ಯಾರೂ ತಂದು ಹೇಳಲಿಲ್ಲ. ನನಗೇ ಇದು ತಿಳಿದದ್ದು ಬಿ.ಎಡ್. ಓದುವಾಗ, ಗ್ರಂಥಾಲಯದ ಒಂದು ಪುಸ್ತಕದಿಂದ.

ಇಲ್ಲಿಂದ ಕಥೆ ಕರ್ನಾಟಕಕ್ಕೆ ಬರುತ್ತದೆ. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆ ಬಹಳ ಜಾಣ ಕಾಯ್ದೆ. ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂದು ಅದು ಹೇಳಿತು. ಹಾಗಾಗಿ ಬೇರೆ ವಿಧಾನದಲ್ಲಿ ಅದೇ ಔಷಧಿಯನ್ನು ಅಗ್ಗವಾಗಿ ತಯಾರಿಸುವ ವಿದ್ಯೆಯನ್ನು ಭಾರತದ ಕಂಪನಿಗಳು ಕಲಿತವು. ವಿಶ್ವ ವ್ಯಾಪಾರ ಒಪ್ಪಂದದ ಕಾರಣ 2005ರಲ್ಲಿ ಆ ಬಾಗಿಲು ಮುಚ್ಚಿತು, ಆದರೆ ಕಲಿತ ವಿದ್ಯೆ ಉಳಿಯಿತು. ಬೆಂಗಳೂರಿನ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದಲ್ಲಿ ಕಲಿತು ಬಂದದ್ದು ಹುದುಗಿಸಿ ಬಿಯರ್ ತಯಾರಿಸುವ ವಿದ್ಯೆ. ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ಸಿಗಲಿಲ್ಲ. 1978ರಲ್ಲಿ ಬಾಡಿಗೆಯ ಗ್ಯಾರೇಜೊಂದರಲ್ಲಿ ಬಯೋಕಾನ್ ಆರಂಭಿಸಿ, ಪಪ್ಪಾಯಿಯಿಂದ ಕಿಣ್ವ ತೆಗೆದು ಮಾರಿದರು. ಹುದುಗಿಸುವ ಆ ವಿದ್ಯೆಯೇ ಮುಂದೆ 2004ರಲ್ಲಿ ಇನ್ಸುಜೆನ್ ಎಂಬ ಇನ್ಸುಲಿನ್ ಆಯಿತು. ಅದನ್ನು ತಯಾರಿಸುವುದು ಪಿಕಿಯಾ ಎಂಬ ಒಂದು ಬಗೆಯ ಯೀಸ್ಟ್. ಮುಂಬೈನ ವೊಕಾರ್ಡ್ ಕಂಪನಿ ಅದಕ್ಕೂ ಒಂದು ವರ್ಷ ಮೊದಲೇ, 2003ರಲ್ಲಿ, ತನ್ನ ಇನ್ಸುಲಿನ್ ತಂದಿತ್ತು. ಸ್ವದೇಶಿ ಸ್ಪರ್ಧೆ ಹುಟ್ಟಿದ ಮೇಲೆ ವಿದೇಶಿಯರ ಏಕಸ್ವಾಮ್ಯ ಸಡಿಲಿತು.

ಇತ್ತ ಹೀಗಾದರೆ ಅಮೆರಿಕದಲ್ಲಿ ಏನಾಯಿತು ನೋಡಿ. ಒಂದು ಡಾಲರಿಗೆ ಕೊಟ್ಟ ಔಷಧಿಯ ಸುಧಾರಿತ ರೂಪವಾದ ಹ್ಯುಮಲಾಗ್‌ನ ಒಂದು ಬಾಟಲಿಗೆ 1996ರಲ್ಲಿ 21 ಡಾಲರ್ ಇತ್ತು. 2019ರ ಹೊತ್ತಿಗೆ ಸುಮಾರು 275 ಡಾಲರ್! ಶ್ರೀಮಂತ ದೇಶದಲ್ಲಿ ಜನ ಇನ್ಸುಲಿನ್ ಉಳಿಸಲು ಡೋಸ್ ಕಡಿಮೆ ಮಾಡಿಕೊಂಡರು. 2021ರಲ್ಲಿ ಅಲ್ಲಿನ ಸರ್ಕಾರ, ದುಬಾರಿ ಇನ್ಸುಲಿನ್ ಬರೆದಿದ್ದರೂ ಅದರ ಬದಲಿಗೆ ಮೆಡಿಕಲ್ ಶಾಪಿನವರು ನೇರವಾಗಿ ಕೊಡಬಹುದಾದ ಮೊದಲ ಇನ್ಸುಲಿನ್‌ಗೆ ಒಪ್ಪಿಗೆ ಕೊಟ್ಟಿತು. ಅದನ್ನು ತಯಾರಿಸಿದ್ದು ಅದೇ ಬೆಂಗಳೂರಿನ ಬಯೋಕಾನ್. ಜನರ ಹೋರಾಟ, ಸರ್ಕಾರದ ಒತ್ತಡಗಳಿಂದ 2023ರಲ್ಲಿ ದೊಡ್ಡ ಕಂಪನಿಗಳು ಬೆಲೆ ಇಳಿಸಬೇಕಾಯಿತು.

ಇಷ್ಟು ದೊಡ್ಡ ಮಾರುಕಟ್ಟೆ ಏಕೆ ಬೆಳೆಯಿತು? ರೋಗಿಗಳು ಬೆಳೆದದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 1980ರಲ್ಲಿ ಜಗತ್ತಿನಲ್ಲಿ 10.8 ಕೋಟಿ ಮಧುಮೇಹಿಗಳಿದ್ದರು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಅಂದಾಜಿನಂತೆ 2024ರಲ್ಲಿ 58.9 ಕೋಟಿ ವಯಸ್ಕರು. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಐ.ಸಿ.ಎಂ.ಆರ್. ನಡೆಸಿದ ಸಮೀಕ್ಷೆಯಲ್ಲಿ ಪಟ್ಟಣಗಳಲ್ಲಿ ಶೇ. 2.1, ಹಳ್ಳಿಗಳಲ್ಲಿ ಶೇ. 1.5 ಮಂದಿಗೆ ಕಾಯಿಲೆ ಇತ್ತು. 2023ರಲ್ಲಿ ಪ್ರಕಟವಾದ ಅದೇ ಸಂಸ್ಥೆಯ ಅಧ್ಯಯನದಲ್ಲಿ ಪಟ್ಟಣಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9, ಒಟ್ಟು 10 ಕೋಟಿಗೂ ಹೆಚ್ಚು ಜನ. ಎರಡೂ ಸಮೀಕ್ಷೆಗಳ ಅಳತೆಯ ವಿಧಾನ ಒಂದೇ ಅಲ್ಲ, ನಿಜ. ಆದರೂ ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ನಮ್ಮ ಹಿರಿಯರ ಮಾತು ಈಗ ನಿಲ್ಲುವುದಿಲ್ಲ.

"ಅಕ್ಕಿ ತಿಂದು ಕೆಟ್ಟೆವು, ರಾಗಿ ಬಿಟ್ಟು ಕೆಟ್ಟೆವು" ಎಂದು ನಮ್ಮ ಕಡೆ ಹೇಳುವುದುಂಟು. ಹೊಳಲ್ಕೆರೆ, ಹೊಸದುರ್ಗದ ಸೀಮೆಯಲ್ಲಿ ಸಾಮೆ, ನವಣೆ ಉಣ್ಣುತ್ತಿದ್ದ ಕಾಲ ನಮ್ಮ ಅಜ್ಜಂದಿರಿಗೆ ನೆನಪಿದೆ. ಇದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯನ್ನು ಎರಡು ಉಂಡು ಕುಳಿತರೆ ಅದೂ ರಕ್ತದಲ್ಲಿ ಸಕ್ಕರೆಯೇ. ಅಂದಿನವರು ಉಂಡದ್ದನ್ನು ಹೊಲದಲ್ಲಿ ಕರಗಿಸುತ್ತಿದ್ದರು. ಇನ್ನೊಂದು ಕಾರಣವನ್ನು ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತೋರಿಸಿಕೊಟ್ಟಿದೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ ಸುಮಾರು 500 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚು ಕಂಡಿತು. ಅಂದರೆ ಈ ಕಾಯಿಲೆಯ ಬೀಜ ತಾಯಿಯ ಗರ್ಭದಲ್ಲೇ ಬೀಳಬಹುದು. ಗರ್ಭಿಣಿಯರ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ ಎಂದು ಆಶಾ ಕಾರ್ಯಕರ್ತೆಯರು ಒತ್ತಿ ಹೇಳುವುದು ಸುಮ್ಮನೆ ಅಲ್ಲ. ಒಬ್ಬ ಗುಮಾಸ್ತೆಯೋ ನರ್ಸೋ ಬೇಸರವಿಲ್ಲದೆ ಬರೆದಿಟ್ಟ ಲೆಕ್ಕ ಅರವತ್ತು ವರ್ಷದ ನಂತರ ಇಷ್ಟು ಕೆಲಸಕ್ಕೆ ಬಂತು!

ಇನ್ನು ಮಾತ್ರೆಗಳ ಮಾತು. ಇವತ್ತಿಗೂ ಮೊದಲು ಬರೆಯುವ ಮೆಟ್‌ಫಾರ್ಮಿನ್ 1957ರಲ್ಲಿ ಪ್ಯಾರಿಸ್‌ನ ವೈದ್ಯ ಜಾನ್ ಸ್ಟರ್ನ್ ಪರಿಚಯಿಸಿದ್ದು. ಅದರ ಮೂಲ ಯುರೋಪಿನ ಒಂದು ಗಿಡ. ಹಳೆಯದಾದ್ದರಿಂದ ಅಗ್ಗ. ಹೊಸ ಮಾತ್ರೆಗಳು ಪೇಟೆಂಟ್ ಇರುವತನಕ ದುಬಾರಿ. ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದ ಕೂಡಲೇ ಹತ್ತಾರು ಕಂಪನಿಗಳು ಅದನ್ನೇ ತಂದವು, ಕೆಲವು ಹತ್ತು ರೂಪಾಯಿಗಿಂತ ಕಡಿಮೆಗೆ. ಔಷಧಿ ಬದಲಾಗಲಿಲ್ಲ, ಕಾಗದ ಬದಲಾಯಿತು. ಆದ್ದರಿಂದ ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ ಒಳಗಿರುವ ಔಷಧಿಯ ಹೆಸರೇನೆಂದು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ, ಜನೌಷಧಿ ಅಂಗಡಿಯಲ್ಲಿ ಅದೇ ಹೆಸರನ್ನು ಕೇಳಿ. ಈಗ ಜಗತ್ತೆಲ್ಲ ಮಾತನಾಡುತ್ತಿರುವ ಸೆಮಾಗ್ಲುಟೈಡ್ ಚುಚ್ಚುಮದ್ದಿಗೂ ಭಾರತದಲ್ಲಿ ಪೇಟೆಂಟ್ ಅವಧಿ ಇದ್ದದ್ದು 2026ರ ಮಾರ್ಚ್‌ವರೆಗೆ ಮಾತ್ರ.

ರಮಜಾನಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 2001ರಲ್ಲಿ 13 ದೇಶಗಳ ಮುಸ್ಲಿಂ ಮಧುಮೇಹಿಗಳ ಅಧ್ಯಯನ ನಡೆಯಿತು. ಎರಡನೆಯ ಬಗೆಯ ಮಧುಮೇಹ ಇರುವವರಲ್ಲಿ ಶೇ. 79ರಷ್ಟು ಮಂದಿ ರೋಜಾ ಇಟ್ಟಿದ್ದರು. ಸಕ್ಕರೆ ಅಪಾಯಕರವಾಗಿ ಕುಸಿದು ಆಸ್ಪತ್ರೆ ಸೇರುವ ಪ್ರಸಂಗ ಆ ತಿಂಗಳಲ್ಲಿ ಏಳೂವರೆ ಪಟ್ಟು ಹೆಚ್ಚಿತ್ತು. ಕಾಯಿಲೆಯವರಿಗೆ ರಿಯಾಯಿತಿ ಇರುವುದು ನಿಮಗೆಲ್ಲ ತಿಳಿದದ್ದೇ. ರೋಜಾ ಇಡುವ ಮನಸ್ಸಿದ್ದವರು ತಿಂಗಳೆರಡು ತಿಂಗಳು ಮುಂಚೆಯೇ ಡಾಕ್ಟರನ್ನು ಕಂಡು ಡೋಸ್ ಬದಲಿಸಿಕೊಳ್ಳಬೇಕು. ಬೆರಳಿನಿಂದ ರಕ್ತ ತೆಗೆದು ಪರೀಕ್ಷಿಸುವುದರಿಂದ ರೋಜಾ ಮುರಿಯುವುದಿಲ್ಲ ಎಂದೇ ಬಹುತೇಕ ಉಲೇಮಾಗಳ ಅಭಿಪ್ರಾಯ.

ಕಳೆದ ವರ್ಷ ನಮ್ಮ ಅಮ್ಮಿಗೂ ಇನ್ಸುಲಿನ್ ಬರೆದರು. ಒಂದು ಅಂಗಡಿಯಲ್ಲಿ ಬಾಟಲಿಯೊಂದಿಗೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್ ಕೊಟ್ಟರು. ನಮ್ಮ ದೇಶದ ಸಾಮಾನ್ಯ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆಯದು 100 ಯೂನಿಟ್‌ನ ಔಷಧಿಗೆ. ಆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದಿದ್ದರೆ ಅಮ್ಮಿಗೆ ಹೋಗುತ್ತಿದ್ದದ್ದು 8 ಯೂನಿಟ್ ಮಾತ್ರ. ಇದರ ತಿರುಗಾಮುರುಗಾ ಆದರೆ 20ರ ಬದಲು 50 ಯೂನಿಟ್ ಹೋಗಿ ಪ್ರಾಣಕ್ಕೇ ಕುತ್ತು. ಎಂಟನೇ ತರಗತಿಯ ಹುಡುಗರು ಮಾಡಬಲ್ಲ ಲೆಕ್ಕ ಇದು. ಹಿಂದಿರುಗಿ ಹೋಗಿ ಬದಲಾಯಿಸಿಕೊಂಡು ಬಂದೆ.

ಮನೆಯಲ್ಲಿ ಫ್ರಿಜ್‌ನಿಂದ ಬಾಟಲಿ ತೆಗೆದಾಗ ಅಮ್ಮಿ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ದಾದಿಯ ಕಾಲಿಗೆ ದಿನವೂ ಬಟ್ಟೆ ಕಟ್ಟುತ್ತಿದ್ದವರು ಅವರೇ. "ಇದು ಎಲ್ಲಿಂದ ತೆಗೆಯುತ್ತಾರೆ ಮಗಾ?" ಎಂದರು. ಯೀಸ್ಟಿನ ಕಥೆಯನ್ನು, ಬೆಂಗಳೂರಿನ ಕಥೆಯನ್ನು ನನಗೆ ತಿಳಿದಷ್ಟು ಹೇಳಿದೆ. "ಆಗ ಯಾರಾದರೂ ಹೀಗೆ ಕೂತು ಹೇಳಿದ್ದರೆ" ಎಂದು ಅಷ್ಟಕ್ಕೇ ನಿಲ್ಲಿಸಿ, ಹಾಕು ಎಂದು ತೋಳು ಮುಂದೆ ಚಾಚಿದರು.